ಒಬ್ಬರು ಬಾರದ ದಿನ

ನಮ್ಮ ಬಳ್ಳಾರಿ ಸೀಮೆಯಲ್ಲಿ ದೊಡ್ಡಾಟ ನೋಡಿ ಬೆಳೆದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ನಡುರಾತ್ರಿ ದಾಟಿ, ಅರ್ಧ ಜನ ಕಂಬಳಿ ಹೊದ್ದು ಕೂತಲ್ಲೇ ಮುದುಡಿಕೊಂಡ ಹೊತ್ತಿನಲ್ಲಿ ತೆರೆಯ ಹಿಂದೆ ಗೆಜ್ಜೆಯ ಸದ್ದಾಯಿತೆಂದರೆ ಸಾಕು, ಕಣ್ಣು ಬಿಡದೆಯೇ 'ಭೀಮ ಬಂದ ನೋಡು' ಎನ್ನುವ ಮುದುಕರು ಇರುತ್ತಾರೆ. ಭೀಮನ ಹೆಜ್ಜೆಗೆ ಹಲಗೆಯ ಅಟ್ಟವೇ ನಡುಗಬೇಕು. ಅರ್ಜುನನದು ಹಗುರ, ದ್ರೌಪದಿಯದು ಇನ್ನೂ ಬೇರೆ. ಆಮೇಲೆ ಸಾರಥಿ ಮುಂದೆ ಬಂದು, ತಾವು ಯಾರು, ಎಲ್ಲಿಯವರು, ಇಲ್ಲಿಗೆ ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಊರಿಗೆಲ್ಲ ಗೊತ್ತಿರುವ ಭೀಮಸೇನ ಕಾಲು ಗಂಟೆ ತನ್ನ ಹೆಸರು, ವಂಶ, ಪ್ರತಾಪಗಳನ್ನು ತಾನೇ ಹೇಳಿಕೊಳ್ಳುತ್ತಾನೆ. ಚಿಕ್ಕವಳಿದ್ದಾಗ ನನಗಿದು ಬಹಳ ತಮಾಷೆ ಎನ್ನಿಸುತ್ತಿತ್ತು. ಏಕೆಂದರೆ ಆ ಭೀಮ ಹಗಲು ಹೊತ್ತು ನಮ್ಮ ಓಣಿಯಲ್ಲೇ ಎತ್ತು ಹೊಡೆದುಕೊಂಡು ಹೋಗುವ ಮನುಷ್ಯ. ಅವನು ಯಾರೆಂದು ಕೇಳುತ್ತಿದ್ದ ಸಾರಥಿ ಅವನ ಸ್ವಂತ ಭಾವಮೈದುನ.

ಪಾತ್ರವೊಂದು ಉಳಿದವರಿಗಿಂತ ಬೇರೆಯೆಂದು ತೋರುವುದಕ್ಕೆ ಇಷ್ಟೆಲ್ಲ ಖಟಪಟಿ ಬೇಕೆ? ಬೇಕು ಎಂಬುದು ನನಗೆ ಮನವರಿಕೆಯಾದದ್ದು ತೀರ ಈಚೆಗೆ, ಅದೂ ಅಮೆರಿಕದಿಂದ ಬಂದ ಒಂದು ಆಟದಿಂದ.

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನನ್ನ ಮಗ ದೀಪಾವಳಿಗೆ ಬರುವಾಗ ಜೊತೆಗೆ ಮೂವರು ಸ್ನೇಹಿತರನ್ನೂ ಒಂದು ಸಣ್ಣ ಚೀಲವನ್ನೂ ತಂದಿದ್ದ. ಚೀಲದ ತುಂಬ ದಾಳಗಳು. ಆರು ಮುಖದ ದಾಳ ನಾವೂ ಬಲ್ಲೆವು. ಇವು ನಾಲ್ಕು, ಎಂಟು, ಹತ್ತು, ಹನ್ನೆರಡು, ಕೊನೆಗೆ ಇಪ್ಪತ್ತು ಮುಖದವು. ನಮ್ಮ ಅತ್ತೆ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಶಕುನಿಗೆ ಇಂಥಾವು ಸಿಕ್ಕಿದ್ರ ಪಾಂಡವರ ಕೌದಿನೂ ಬಿಡ್ತಿರಲಿಲ್ಲ" ಎಂದರು.

ಆಟದ ಹೆಸರು ಡಂಜನ್ಸ್ ಅಂಡ್ ಡ್ರಾಗನ್ಸ್. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಕಟ್ಟಿದ್ದಂತೆ. ಚೌಕಾಬಾರದಂತೆ ಇದಕ್ಕೆ ಮನೆಗಳಿಲ್ಲ, ಕಾಯಿ ಹಣ್ಣಾಗುವುದಿಲ್ಲ. ಒಬ್ಬ ಕಥೆ ಹೇಳುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ಹೊಕ್ಕು 'ನಾನು ಬಾಗಿಲು ಒದೆಯುತ್ತೇನೆ', 'ನಾನು ಮಂತ್ರ ಹಾಕುತ್ತೇನೆ' ಎನ್ನುತ್ತಾರೆ. ಆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಗೆದ್ದವರು ಸೋತವರು ಎಂದೇನಿಲ್ಲ, ಕಥೆ ಮುಂದುವರಿಯುತ್ತದೆ, ಅಷ್ಟೆ. ಕಥೆ ಹೇಳುವವನಿಗೆ ಅವರು ಏನೋ ಇಂಗ್ಲಿಷ್ ಹೆಸರು ಹೇಳಿದರು. ನಾನು ಸಾರಥಿ ಎಂದೇ ಕರೆದೆ, ಹುಡುಗರಿಗೂ ಹಿಡಿಸಿತು.

ನನ್ನ ಮಗ ಕುರುಕ್ಷೇತ್ರದ ಕಥೆಯನ್ನಿಟ್ಟುಕೊಂಡು ಇದೇ ಮಾದರಿಯಲ್ಲಿ ತನ್ನದೊಂದು ಆಟ ಬರೆದಿದ್ದ. ಊಟವಾದ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿ ಶುರು ಮಾಡಿದರು. ಭೀಮನ ಗದೆಯ ಪೆಟ್ಟಿಗೆ ವೈರಿಯ ಪ್ರಾಣದಲ್ಲಿ 8 ಅಂಕ ಕಡಿಮೆ. ಅರ್ಜುನನ ಬಾಣಕ್ಕೂ 8. ಘಟೋತ್ಕಚನ ಮಾಯೆಗೂ 8. ಒಂದು ಕಾಳಗಕ್ಕೆ ಒಂದು ಸಲ ದೊಡ್ಡ ಪೆಟ್ಟು, ಅದಕ್ಕೆ ಎಲ್ಲರಿಗೂ 16. ಒಂದು ಗಂಟೆ ಕಳೆಯುವುದರೊಳಗೆ ಅವರಲ್ಲೊಬ್ಬ ಹುಡುಗಿ ಆಕಳಿಸಿ, "ಯಾರ ಪಾತ್ರ ತಗೊಂಡ್ರೂ ಒಂದೇ ಆಂಟಿ. ದಾಳ ಹಾಕೋದು, ಎಂಟು ಕಳೆಯೋದು" ಎಂದಳು. ಮಗನ ಮುಖ ಸಣ್ಣದಾಯಿತು.

ಅವನೂ ಸುಮ್ಮನೆ ಹಾಗೆ ಮಾಡಿರಲಿಲ್ಲ. ಅವನು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಆ ಅಮೆರಿಕದ ಆಟದಲ್ಲಿ ಮೊದಲಿದ್ದವು ಮೂರೇ ಬಗೆಯ ಪಾತ್ರ: ಕಾದಾಡುವವನು, ಮಂತ್ರವಾದಿ, ದೇವರ ಸೇವಕ. ಮಂತ್ರವಾದಿ ಒಂದು ಮಂತ್ರ ಪ್ರಯೋಗಿಸಿದನೆಂದರೆ ಅದು ಅವನ ನೆನಪಿನಿಂದಲೇ ಅಳಿಸಿಹೋಗುತ್ತದೆ. ಮತ್ತೆ ಪುಸ್ತಕ ತೆರೆದು ಉರುಹೊಡೆಯಬೇಕು. ಜಾಕ್ ವ್ಯಾನ್ಸ್ ಎಂಬ ಕಥೆಗಾರನಿಂದ ತೆಗೆದುಕೊಂಡದ್ದಂತೆ ಇದು. ಹೊಸ ಮಂತ್ರವಾದಿಗೆ ದಿನಕ್ಕೊಂದೇ ಮಂತ್ರ. ಅದು ಮುಗಿದರೆ ಉಳಿದ ಹೊತ್ತೆಲ್ಲ ಮದುವೆ ಮನೆಯಲ್ಲಿ ಬೀಗರ ಕಡೆಯ ದೂರದ ನೆಂಟನಂತೆ ಗೋಡೆಗೆ ಒರಗಿ ಕೂಡಬೇಕು. ಆದರೆ ಅವನೇ ಪಳಗಿ ಮೇಲೇರಿದಾಗ ಆಕಾಶವನ್ನೇ ಬೀಳಿಸುವಂಥವನಾಗುತ್ತಾನೆ. ಕತ್ತಿ ಹಿಡಿದವನು ಅವನ ಗಂಟು ಹೊರಲಿಕ್ಕಷ್ಟೇ ಆಗುತ್ತಾನೆ. ಈ ಅನ್ಯಾಯವನ್ನು ಸರಿಪಡಿಸಲು 2008ರ ನಾಲ್ಕನೆಯ ಆವೃತ್ತಿಯಲ್ಲಿ ಎಲ್ಲರ ಶಕ್ತಿಯನ್ನೂ ಒಂದೇ ಅಚ್ಚಿಗೆ ಹಾಕಿದರು: ಬೇಕಾದಾಗ ಮಾಡಬಹುದಾದದ್ದು, ಕಾಳಗಕ್ಕೊಮ್ಮೆ ಮಾಡಬಹುದಾದದ್ದು, ದಿನಕ್ಕೊಮ್ಮೆ ಮಾಡಬಹುದಾದದ್ದು. ತಕ್ಕಡಿಯೇನೋ ಸಮವಾಯಿತು. ಆದರೆ ವೀರನೂ ಮಂತ್ರವಾದಿಯೂ ಒಂದೇ ಥರ ಆದರೆಂದು ಆಡುವವರಲ್ಲಿ ಬಹಳ ಮಂದಿ ಗೊಣಗಿದರು. 2014ರಲ್ಲಿ ಐದನೆಯ ಆವೃತ್ತಿ ಬಂದಾಗ ಆ ಅಚ್ಚನ್ನು ಬಿಟ್ಟುಕೊಟ್ಟರು.

"ಸಮ ಮಾಡಿದ್ರೆ ಬೇಜಾರು, ಮಾಡದಿದ್ರೆ ಜಗಳ. ಏನು ಮಾಡ್ಲಮ್ಮ?" ಎಂದ.

ನಾನು ಕನ್ನಡ, ಸಮಾಜ ಪಾಠ ಮಾಡುವವಳು. ಪ್ರಶ್ನೆ ಕೇಳಿದರೆ ಉತ್ತರ ಹೇಳದೆ ಬಿಡುವ ಜಾತಿಯಲ್ಲ. ಅವನೇ ಆರಿಸಿಕೊಂಡಿದ್ದ ಕುರುಕ್ಷೇತ್ರದ ಹದಿಮೂರನೆಯ ದಿನವನ್ನು ಹೇಳಿದೆ.

ಅಂದು ದ್ರೋಣ ಚಕ್ರವ್ಯೂಹ ಒಡ್ಡಿದ್ದಾನೆ. ಪಾಂಡವರ ಕಡೆ ಶಕ್ತಿಗೇನೂ ಕೊರತೆಯಿಲ್ಲ, ಭೀಮನೊಬ್ಬನೇ ಸಾಲದೆ? ಆದರೆ ವ್ಯೂಹ ಭೇದಿಸುವುದು ಬಲದ ಮಾತಲ್ಲ, ವಿದ್ಯೆಯ ಮಾತು. ಅದು ಪೂರ್ತಿ ಗೊತ್ತಿರುವ ಅರ್ಜುನನನ್ನು ಸಂಶಪ್ತಕರು ದೂರಕ್ಕೆ ಎಳೆದುಕೊಂಡು ಹೋಗಿದ್ದಾರೆ. ಕೃಷ್ಣನೂ ಅವನ ಜೊತೆಗೇ. ಉಳಿದವನು ಅಭಿಮನ್ಯು. ಅವನಿಗೆ ಒಳಹೊಗಲು ಬರುತ್ತದೆ, ಹೊರಬರಲು ಬರುವುದಿಲ್ಲ. ಅರ್ಧ ವಿದ್ಯೆ. ಹಿಂದೆಯೇ ನುಗ್ಗಿ ಬರುತ್ತೇವೆಂದು ದೊಡ್ಡವರು ಮಾತು ಕೊಟ್ಟರಲ್ಲ, ಅವರನ್ನು ಬಾಗಿಲಲ್ಲೇ ತಡೆದವನು ಸೈಂಧವ. ಸೈಂಧವ ಅಂಥ ದೊಡ್ಡ ವೀರನೇನಲ್ಲ. ಅವನಿಗಿದ್ದದ್ದು ಶಿವನ ಒಂದು ವರ: ಒಂದು ದಿನದ ಮಟ್ಟಿಗೆ, ಅರ್ಜುನನೊಬ್ಬನನ್ನು ಬಿಟ್ಟು, ಉಳಿದ ಪಾಂಡವರನ್ನು ತಡೆದು ನಿಲ್ಲಿಸಬಲ್ಲ. ಇಂಥ ವರವನ್ನು ಯಾರಾದರೂ ಕೇಳಿಕೊಳ್ಳುತ್ತಾರೆಯೇ ಎನ್ನಬೇಕು, ಅಷ್ಟು ಷರತ್ತು. ಆದರೆ ಆ ಒಂದು ದಿನ, ಆ ಒಂದು ಬಾಗಿಲಲ್ಲಿ ಭೀಮನ ಗದೆ ಕಟ್ಟಿಗೆಯ ತುಂಡಾಯಿತು. ಅರ್ಜುನ ಇದ್ದಿದ್ದರೆ ವರವೂ ಕೆಲಸಕ್ಕೆ ಬರುತ್ತಿರಲಿಲ್ಲ, ಮಗನೂ ಸಾಯುತ್ತಿರಲಿಲ್ಲ.

ಮರುದಿನದ ರಾತ್ರಿ ನೋಡಿ. ಕವಚ ಕುಂಡಲ ಕಿತ್ತುಕೊಟ್ಟು ಇಂದ್ರನಿಂದ ಪಡೆದ ಶಕ್ತಿಯನ್ನು ಕರ್ಣ ಅರ್ಜುನನಿಗೆಂದು ಜೋಪಾನ ಮಾಡಿಟ್ಟಿದ್ದ. ಒಂದೇ ಸಲ ಬಳಸಬಹುದಾದದ್ದು. ಇರುಳಾದಂತೆ ಬಲವೇರುವ ಘಟೋತ್ಕಚ ಕೌರವ ಸೇನೆಯನ್ನು ಅರೆಯತೊಡಗಿದಾಗ, ಎಲ್ಲರೂ ಬಾಯಿ ಬಡಿದುಕೊಂಡು ಕೇಳಿ, ಅದನ್ನು ಅವನ ಮೇಲೆ ಬಿಡಿಸಿದರು. ಕರ್ಣನ ಶಕ್ತಿ ಎಷ್ಟು ಅಂಕದ್ದೆಂದು ಕೇಳಿದರೆ ಏನು ಹೇಳೋಣ? ಅದು ಅವನ ಬಳಿ ಇರುವವರೆಗೆ ಕೃಷ್ಣನಿಗೆ ನೆಮ್ಮದಿಯಿರಲಿಲ್ಲ. ಅದರ ತೂಕ ಗೊತ್ತಾಗುವುದು ಅಲ್ಲಿ.

"ಯಾವ ಪಾತ್ರಕ್ಕೆ ಏನು ಕೊಟ್ಟೆ ಅಂತ ಲೆಕ್ಕ ಹಾಕಬೇಡ, ಅವನು ಬಾರದ ದಿನ ಏನು ನಿಲ್ಲುತ್ತೆ ಅಂತ ನೋಡು" ಎಂದೆ. ಏನೂ ನಿಲ್ಲದಿದ್ದರೆ ಆ ಪಾತ್ರಕ್ಕೆ ಹೆಸರೊಂದು ಬಿಟ್ಟು ಬೇರೇನೂ ಕೊಟ್ಟಿಲ್ಲವೆಂದೇ ಅರ್ಥ.

ಮಗ ಒಪ್ಪಲಿಲ್ಲ. ಒಪ್ಪಿದರೆ ನನ್ನ ಮಗ ಹೇಗಾದಾನು! ಒಬ್ಬೊಬ್ಬರಿಗೂ ಇಷ್ಟು ಷರತ್ತು ಹಾಕಿದರೆ ನೆನಪಿಡುವವರು ಯಾರು, ಸಾರಥಿ ಪುಸ್ತಕ ತಿರುವುತ್ತಲೇ ಬೆಳಗಾಗುತ್ತದೆ ಎಂದ. ಅದು ನಿಜ. ಇನ್ನೊಂದು ಮಾತನ್ನೂ ಹೇಳಿದ. ಆ ಆಟಕ್ಕೆ 1975ರಲ್ಲಿ ಕಳ್ಳನ ಪಾತ್ರವನ್ನು ಸೇರಿಸಿದರು. ಬೀಗ ತೆಗೆಯುವುದು, ಸದ್ದಿಲ್ಲದೆ ನಡೆಯುವುದು ಅವನ ವಿದ್ಯೆ. ಅದಕ್ಕೂ ಮೊದಲು ಯಾರು ಬೇಕಾದರೂ ಬೆಕ್ಕಿನ ಹೆಜ್ಜೆ ಇಡಬಹುದಿತ್ತು, ಆಮೇಲೆ ಅದು ಕಳ್ಳನ ಕೆಲಸ ಎಂದು ಉಳಿದವರು ಕೈಕಟ್ಟಿ ಕೂತರು ಎಂಬ ಆಕ್ಷೇಪಣೆ ಇಂದಿಗೂ ಇದೆಯಂತೆ. ಒಬ್ಬನನ್ನು ಬೇರೆ ಮಾಡಲು ಹೋಗಿ ಹತ್ತು ಜನರ ಕೈ ಕಟ್ಟಿದ ಹಾಗೆ. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಸರ್ಕಾರಿ ಕಚೇರಿಯಲ್ಲಿ 'ಅದು ನನ್ನ ಟೇಬಲ್ಲಿನದಲ್ಲ' ಎನ್ನುತ್ತಾರಲ್ಲ, ಆ ರೋಗ ಇಲ್ಲಿಯೂ ಇದೆ ಎಂದು ಮಾತ್ರ ತಿಳಿಯಿತು.

ಕಡೆಗೆ ಒಬ್ಬೊಬ್ಬರಿಗೆ ಒಂದೇ ಕಟ್ಟು ಎಂದು ರಾಜಿಯಾಯಿತು. ಭೀಮ ಹೊಡೆದರೆ ವೈರಿ ನಿಂತಲ್ಲಿ ನಿಲ್ಲಬಾರದು, ಹಿಂದೆ ಬೀಳಬೇಕು, ಗೋಡೆಯಿದ್ದರೆ ಗೋಡೆಯೂ ಬೀಳಬೇಕು. ಆದರೆ ಅವನು ಯಾವುದನ್ನೂ ಸದ್ದಿಲ್ಲದೆ ಮಾಡುವಂತಿಲ್ಲ. ಅರ್ಜುನ ಎಷ್ಟು ದೂರಕ್ಕಾದರೂ ಹೊಡೆಯಬಲ್ಲ, ಗುರಿಯನ್ನು ಒಂದು ಸರದಿ ಮೊದಲೇ ಹೇಳಿರಬೇಕು. ಆಕಳಿಸಿದ ಹುಡುಗಿಗೆ ಸಹದೇವನನ್ನು ಕೊಟ್ಟರು. ನಮ್ಮ ಕಡೆ ಸಹದೇವನಿಗೆ ಮುಂದಾಗುವುದೆಲ್ಲ ಗೊತ್ತು, ಕೇಳದೆ ಹೇಳುವಂತಿಲ್ಲ ಎನ್ನುತ್ತಾರೆ. ಸಾರಥಿ ಆಕೆಯ ಕಿವಿಯಲ್ಲಿ ನಿಜ ಹೇಳುತ್ತಾನೆ. ಯಾರಾದರೂ ಕೇಳಿದರೆ ಮಾತ್ರ ಆಕೆ ಬಾಯಿ ಬಿಡಬೇಕು. ಹುಡುಗರು ಗದೆ ಬೀಸುವ ಸಂಭ್ರಮದಲ್ಲಿ ಅವಳನ್ನು ಮರೆತೇಬಿಟ್ಟರು. ಸೇತುವೆ ಮುರಿಯುವುದು ಗೊತ್ತಿದ್ದೂ ಆ ಹುಡುಗಿ ತುಟಿ ಕಚ್ಚಿಕೊಂಡು ಕೂತಿದ್ದಳು. ನಕುಲ ಹೊಳೆಪಾಲಾದ. ಆಮೇಲೆ ಬೆಳಗಿನ ಜಾವದವರೆಗೆ ಅವಳನ್ನು ಕೇಳದೆ ಯಾರೂ ಒಂದು ಹೆಜ್ಜೆ ಇಡಲಿಲ್ಲ.

ಅವರು ಬೆಂಗಳೂರಿಗೆ ಹೋದರು. ಆಟ ನನ್ನ ತಲೆಯಲ್ಲಿ ಉಳಿಯಿತು. ಶನಿವಾರ ಬೆಳಗಿನ ಶಾಲೆಯಲ್ಲಿ ಎಂಟನೆಯ ತರಗತಿಗೆ ಇದನ್ನು ತಂದೆ. ದಾಳಕ್ಕೆ ಬದಲು ಒಂದು ಮಗ್ಗುಲು ತೇಯ್ದ ಹುಣಸೆ ಬೀಜ. ಕರಿಹಲಗೆಯ ಮೇಲೆ ಸಿರುಗುಪ್ಪ, ತೆಕ್ಕಲಕೋಟೆ, ಕುರುಗೋಡು, ಹೊಳೆ ದಂಡೆಗೆ ಕೆಂಚನಗುಡ್ಡದ ಕೋಟೆ. ಕಥೆ ಮಕ್ಕಳದೇ: ಒಬ್ಬ ರಾಕ್ಷಸ ಕಾಲುವೆಯ ನೀರು ಕದ್ದಿದ್ದಾನೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಮನೆಮನೆಯಲ್ಲೂ ಕೇಳಿದ ಮಾತು ಅವರ ಕಿವಿಯಲ್ಲಿನ್ನೂ ಇತ್ತು.

ಮೊದಲ ದಿನ ಎಲ್ಲರಿಗೂ ಭೀಮನೇ ಬೇಕು. ಹನ್ನೊಂದು ಮಂದಿ ಭೀಮಂದಿರು! ನಾನು, ಪುರಾಣದ ಶಕ್ತಿ ಬೇಡ, ನಿಮ್ಮ ಮನೆಯಲ್ಲಿ ಬಲ್ಲ ಒಂದು ವಿದ್ಯೆಯನ್ನು ಹೇಳಿ, ಅದು ಯಾವಾಗ ಕೈಕೊಡುತ್ತದೆ ಎಂಬುದನ್ನೂ ಹೇಳಿ ಎಂದೆ. ರೈಸ್ ಮಿಲ್ಲಿನ ಹಮಾಲರ ಹುಡುಗ, ಎಷ್ಟು ಭಾರವಾದರೂ ಹೊರುತ್ತೇನೆ ಎಂದ. "ಹೊತ್ತಾಗ ಮಾತಾಡಾಕ ಬರಂಗಿಲ್ರಿ ಟೀಚರ್, ಉಸಿರು ಹೋಗ್ತೈತಿ." ನೀರಗಂಟಿಯ ಮಗ, ಯಾವ ತೂಬು ಎತ್ತಿದರೆ ನೀರು ಎಲ್ಲಿಗೆ ಹೋಗುತ್ತದೆಂದು ಬಲ್ಲೆ ಎಂದ. "ಒಬ್ಬರಿಗೆ ಬಿಟ್ರ ಇನ್ನೊಬ್ರು ಬೈತಾರ್ರಿ." ಸರಿ, ಅವನು ಪ್ರತಿ ಸಲ ನೀರು ಬಿಟ್ಟಾಗ ಒಬ್ಬ ವೈರಿ ಹುಟ್ಟುತ್ತಾನೆ ಎಂದು ಬರೆದುಕೊಂಡೆವು. ಆದೋನಿ ಕಡೆಯ ಹುಡುಗಿ ಎರಡು ಭಾಷೆಯಲ್ಲಿ ಯಾರನ್ನಾದರೂ ಮಾತಾಡಿಸಬಲ್ಲಳು. ಎರಡೂ ಕಡೆಯವರು ಅವಳ ಮಾತಿಗೆ ನಗುತ್ತಾರೆ. ಕುರಿ ಕಾಯುವವರ ಮನೆಯ ಒಬ್ಬಳು, ಇಡೀ ವರ್ಷ ನನ್ನೆದುರು ಹತ್ತು ಮಾತು ಆಡಿದವಳಲ್ಲ, "ಗಾಳಿ ಮ್ಯಾಲೆ ಮಳಿ ಗೊತ್ತಾಗ್ತೈತ್ರಿ" ಎಂದಳು. ಮತ್ತೆ ಸ್ವಲ್ಪ ತಡೆದು, "ಗಾಳಿ ನಿಂತ್ರ ಗೊತ್ತಾಗಂಗಿಲ್ರಿ."

ನನ್ನ ಮಗ ದಪ್ಪ ಪುಸ್ತಕಗಳಲ್ಲಿ ಹುಡುಕುತ್ತಿದ್ದದ್ದು ಇವರ ಬಾಯಲ್ಲಿ ಹತ್ತು ನಿಮಿಷಕ್ಕೆ ಬಂತು. ಶಕ್ತಿಯ ಜೊತೆಗೇ ಅದರ ಕಟ್ಟೂ ಬಂತು, ಏಕೆಂದರೆ ನಿಜವಾಗಿ ಮಾಡಿ ಬಲ್ಲವರಿಗೆ ಅದು ಎಲ್ಲಿ ಕೈಕೊಡುತ್ತದೆಂದು ಗೊತ್ತಿರುತ್ತದೆ. ಇದೇ ಮಕ್ಕಳನ್ನು ಇನ್ನೆರಡು ವರ್ಷಕ್ಕೆ ಎಸ್‌ಎಸ್‌ಎಲ್‌ಸಿಯ ಒಟ್ಟು ಅಂಕದಿಂದ ಅಳೆದು ಪಟ್ಟಿ ಅಂಟಿಸುತ್ತೇವೆ, 625ಕ್ಕೆ ಇಷ್ಟು. ಅದರಲ್ಲಿ ಎಲ್ಲರದೂ ಒಂದೇ ಗದೆ.

ದೀಪಾವಳಿಯ ಮುಂದೆ ಭತ್ತದ ಕೊಯ್ಲು ಮುಗಿಯುತ್ತ ಬಂದಂತೆ ಕುರಿಯವರು ಮಂದೆ ಹೊಡೆದುಕೊಂಡು ಹೊರಡುತ್ತಾರೆ. ಕೊಯ್ದ ಹೊಲದಲ್ಲಿ ಕುರಿ ತರುಬಿದರೆ ಗೊಬ್ಬರ, ಅದಕ್ಕೆ ಹೊಲದವರು ಕಾಳೋ ಕಾಸೋ ಕೊಡುತ್ತಾರೆ. ಆ ಹುಡುಗಿಯೂ ಹೊರಟುಹೋದಳು. ಹಾಜರಿ ಪುಸ್ತಕದಲ್ಲಿ ಇಂಥ ಗೈರುಹಾಜರಿಗಳು ಪ್ರತಿ ವರ್ಷ ಇರುತ್ತವೆ. 'ಗೈ' ಎಂದು ಬರೆದು ಮುಂದಿನ ಹೆಸರು ಕೂಗುತ್ತೇವೆ. ಹೋದ ವರ್ಷವೂ ಅವಳ ಹೆಸರಿನ ಮುಂದೆ ಅಷ್ಟೇ 'ಗೈ' ಇದ್ದವು. ತರಗತಿಯಲ್ಲಿ ಯಾರೂ ಕೇಳಿರಲಿಲ್ಲ.

ಈ ಸಲ ಶನಿವಾರ ಬಂತು. ಆಟದಲ್ಲಿ ತಂಡ ಕೆಂಚನಗುಡ್ಡದ ಹತ್ತಿರ ಹೊಳೆ ದಂಡೆಯಲ್ಲಿ ನಿಂತಿದೆ. ಮೇಲೆ ಮಳೆಯಾದರೆ ಹೊಳೆ ಏರುತ್ತದೆ, ದಾಟಬೇಕೋ ಬೇಡವೋ ಹೇಳಬೇಕಾದವಳು ಇಲ್ಲ. ಅವಳ ಬದಲು ಬೇರೆಯವರು ಬೀಜ ಹಾಕಲಿ ಎಂದೆ. "ಅಕಿಗೆ ಗೊತ್ತಾಗೋದು ನಮಗ ಗೊತ್ತಾಗಂಗಿಲ್ರಿ" ಎಂದ ಹಮಾಲರ ಹುಡುಗ. ದಂಡೆಯಲ್ಲೇ ಹಟ್ಟಿ ಹಾಕಿಕೊಂಡು ಕಾಯೋಣವೆಂದು ತೀರ್ಮಾನವಾಯಿತು. ಮುಂದಿನ ಶನಿವಾರವೂ ಕಾದರು. ಅದರ ಮುಂದಿನದೂ. ನೀರಗಂಟಿಯ ಮಗ ತನ್ನ ತಂದೆಯ ಸೈಕಲ್ಲಿನಲ್ಲಿ ಕಾಲುವೆಯ ದಂಡೆಗುಂಟ ಹೋಗಿ, ಮಂದೆ ಎಲ್ಲಿ ಇಳಿದಿದೆ ಎಂದು ವಿಚಾರಿಸಿಕೊಂಡು ಬಂದ. ಇದನ್ನು ನಾನು ಅವನಿಗೆ ಹೇಳಿರಲಿಲ್ಲ.

ಅವಳು ಬಂದದ್ದು ಶನಿವಾರವಲ್ಲ, ಒಂದು ಸೋಮವಾರ, ಅದೂ ಅವ್ವನ ಜೊತೆ, ಎರಡು ದಿನದ ಮಟ್ಟಿಗೆ. ಒಳಗೆ ಕಾಲಿಡುವುದಕ್ಕೂ ಪುರುಸೊತ್ತಿಲ್ಲದೆ ಎಲ್ಲರೂ ಸುತ್ತುಗಟ್ಟಿ, ಮಳೆ ಬರುತ್ತದೋ ಇಲ್ಲವೋ ಹೇಳು ಎಂದು ಗಂಟುಬಿದ್ದರು. ವ್ಯಾಕರಣದ ಪಾಠವಿತ್ತು, ಕಾಲು ಗಂಟೆ ಬಿಟ್ಟುಕೊಟ್ಟೆ. ಆಕೆ ಕಿಟಕಿಯ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಬೀಜ ಹಾಕಿದಳು. ಐದರಲ್ಲಿ ನಾಲ್ಕು ಕವುಚಿ ಬಿದ್ದವು, ಎಂದರೆ ಗಾಳಿ ನಿಂತಿದೆ.

"ಗೊತ್ತಾಗವಲ್ದು" ಎಂದಳು.

ತಂಡದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಡುಹೊಳೆಯಲ್ಲಿ ತೋಯ್ದರೂ ಚಿಂತೆಯಿಲ್ಲ, ಇವತ್ತು ಎಲ್ಲರೂ ಇದ್ದೇವೆ, ದಾಟಿಯೇಬಿಡೋಣ ಎಂದು ಗದ್ದಲ ಮಾಡಿದರು. ಹೊಳೆ ಏರಿತು. ಹಮಾಲರ ಹುಡುಗ ಇಬ್ಬರನ್ನು ಹೆಗಲ ಮೇಲೆ ಹೊತ್ತು ದಾಟಿಸಿದ, ಒಂದೂ ಮಾತಾಡದೆ.