ಸಾಲ ತೀರಿಸಲು ಹೋದದ್ದು

ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗುವ ಪ್ಯಾಸೆಂಜರು ರೈಲಿನಲ್ಲಿ ಕೂತಾಗ ನಮ್ಮ ಚೀಲದಲ್ಲಿ ಒಂದು ಲಕೋಟೆಯಿತ್ತು. ಅದರೊಳಗೆ 2,400 ರೂಪಾಯಿ. ನಾವು ಅಂದರೆ ಹತ್ತಾಳಲ್ಲ, ಒಂದೇ ಆಳು. ಆದರೆ ಕೇರಿಯಲ್ಲಿ ಒಬ್ಬ ಓದಿದ ಅಂದರೆ ಅವನ ಹಿಂದೆ ಎಷ್ಟು ಜನರ ಕೂಲಿ ಇದೆ ಅಂತ ಲೆಕ್ಕ ಇಟ್ಟವರು ಯಾರು? ಅದಕ್ಕೇ 'ನಾನು' ಅನ್ನೋ ಮಾತಿಗೆ ನಮ್ಮ ನಾಲಗೆ ಹೊರಳುವುದಿಲ್ಲ.

ಮುಂದಿನ ವಾರ ಲಂಡನ್ನಿಗೆ ವಿಮಾನ. ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಎಂ.ಎ. ಓದಲು. ಹೊರಡುವ ಮೊದಲು ಈ ಗೆಳೆಯನನ್ನು ನೋಡಲೇಬೇಕಿತ್ತು. ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ಚಾಪೆ ಹಂಚಿಕೊಂಡವನು. ನಮ್ಮ ಬರವಣಿಗೆ ಓದಿ, 'ಇದು ಪದ್ಯ ಅಲ್ಲ ಕನ್ಲಾ, ಬಾಷಣ' ಅಂತ ಮೊದಲು ಹೇಳಿದವನು. ಇಂಗ್ಲಿಷ್ ವ್ಯಾಕರಣ ಕಲಿಸಿದವನೂ ಅವನೇ. ಕೊನೆಯ ವರ್ಷ ಕ್ವಾರಿಯಲ್ಲಿ ಅವರಪ್ಪನ ಕಾಲ ಮೇಲೆ ಕಲ್ಲು ಬಿತ್ತು. ಊರಿಗೆ ಹೋದವನು ತಿರುಗಿ ಬರಲಿಲ್ಲ, ಅಪ್ಪನ ಜಾಗದಲ್ಲಿ ನಿಂತ. ತನ್ನ ಪರೀಕ್ಷೆಗೆಂದು ಕೂಡಿಸಿಟ್ಟಿದ್ದ ದುಡ್ಡನ್ನು ಊರಿನವರ ಕೈಲಿ ಕೊಟ್ಟು ನಮಗೆ ಕಳಿಸಿದ. ನಮ್ಮ ಫೀಜು, ತಡವಾದದ್ದಕ್ಕೆ ದಂಡ, ಎರಡು ಪುಸ್ತಕ, ಎಲ್ಲ ಅದರಲ್ಲೇ ಆಯಿತು. ನಾವು ಪಾಸಾದೆವು.

ರೈಲು ಅಶೋಕಪುರಂ ದಾಟಿತು. ನಂಜನಗೂಡಿನ ಹತ್ತಿರ ಕಪಿಲೆ ದಾಟಿತು. 1735ರ ಹಳೇ ಕಲ್ಲುಸೇತುವೆ ಪಕ್ಕದಲ್ಲಿ ಸುಮ್ಮನೆ ನಿಂತಿದೆ. ಒಂದು ಕಾಲಕ್ಕೆ ರೈಲು, ಬಸ್ಸು, ಎತ್ತಿನಗಾಡಿ ಎಲ್ಲವನ್ನೂ ಅದೇ ಹೊತ್ತಿತ್ತು. ಆಮೇಲೆ ಬದನವಾಳು. ಗಾಂಧೀಜಿ ಬಂದು ಹೋದ ಖಾದಿ ಕೇಂದ್ರದ ಊರು. 1993ರಲ್ಲಿ, ದೇವಸ್ಥಾನ ಪ್ರವೇಶದ ತಕರಾರಿನ ಬೆನ್ನಿಗೆ, ಮೂವರು ದಲಿತರ ಕೊಲೆಯಾದದ್ದೂ ಈ ಊರವರದೇ. ನಾವಾಗ ಹುಟ್ಟಿರಲಿಲ್ಲ. ಎದುರಿಗೆ ಕೂತಿದ್ದ ಮುದುಕಪ್ಪ ಅಲ್ಲೀತನಕ ಮಳೆ ಬೆಳೆ ಅಂತ ಮಾತಾಡುತ್ತಿದ್ದವರು ಕಿಟಕಿಯಾಚೆ ನೋಡಿ ಸುಮ್ಮನಾದರು. ಕವಲಂದೆ ಬಂದ ಮೇಲೇ ಮತ್ತೆ ಬಾಯಿ ತೆರೆದದ್ದು.

ಸ್ಟೇಷನ್ನಿಗೆ ಗೆಳೆಯ ಬಂದಿದ್ದ. ರೆಪ್ಪೆಯ ಮೇಲೆ ಕಲ್ಲುದೂಳು.

'ಏನ್ಲಾ, ಇನ್ನೂ ಅಂಗೇ ಸಣಕಲಾಗಿದ್ದೀಯಲ್ಲ, ಆ ಚಳೀಲಿ ಬದುಕ್ತೀಯಾ?'

ಅವನ ಗಾಡಿಯ ಹಿಂದೆ ಕೂತು ಹೋಗುವಾಗ ಲಾರಿಯೊಂದು ಕರಿಕಲ್ಲಿನ ಬ್ಲಾಕು ಹೊತ್ತು ಎದುರಾಯಿತು. 'ನೋಡ್ಲಾ, ಪಾಸ್‌ಪೋರ್ಟೇ ಇಲ್ದೆ ಫಾರಿನ್ನಿಗೆ ಓಯ್ತಾ ಅದ' ಅಂದು ನಕ್ಕ. ಚಾಮರಾಜನಗರದ ಕರಿಕಲ್ಲು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದೆ. ಕಟ್ಟಡಗಳ ನೆಲವಾಗುತ್ತದೆ, ಸಮಾಧಿಯ ಮೇಲಿನ ಫಲಕವಾಗುತ್ತದೆ. ಅದನ್ನು ನೆಲದಿಂದ ಎಬ್ಬಿಸಿದವರ ಗುಂಡಿಯ ಮೇಲೆ ಮಾತ್ರ ಹೆಸರು ಬರೆದ ಒಂದು ಚೂರು ಕಲ್ಲಿಲ್ಲ.

ಅವರವ್ವ ಮುದ್ದೆ, ಹುರುಳಿಕಾಳಿನ ಸಾರು ಮಾಡಿದ್ದರು. ಬಡಿಸುತ್ತಾ ಕೇಳಿದರು: 'ಮೊಗ, ಅಲ್ಲೂ ನಮಗೆ ಅಂತ ಬ್ಯಾರೆ ಕೇರಿ ಮಾಡಿರ್ತಾರಾ?'

ಏನು ಹೇಳುವುದು? ಬ್ರಿಟನ್ನಿನ 2010ರ ಸಮಾನತೆ ಕಾಯ್ದೆಯಲ್ಲಿ ಜಾತಿಯನ್ನೂ ಸೇರಿಸಲು ಒಂದು ಕಲಮು ಇತ್ತು. ಅದು ಜಾರಿಯಾಗಲಿಲ್ಲ, 2018ರಲ್ಲಿ ಅಲ್ಲಿನ ಸರ್ಕಾರ ಆ ಯೋಚನೆಯನ್ನೇ ಕೈಬಿಟ್ಟಿತು. 'ಕೇರಿ ಇಲ್ಲ ಕನವ್ವ. ಆದ್ರೆ ನಮ್ ದೇಶದೋರು ಹೋಗೋವಾಗ ಜಾತೀನೂ ಗಂಟು ಕಟ್ಕೊಂಡೇ ಹೋಗವ್ರೆ' ಅಂದೆವು.

'ಅಂಗಾರೆ ಉಸಾರು' ಅಂದು ಇನ್ನೊಂದು ಸೌಟು ಸಾರು ಬಿಟ್ಟರು.

ಊಟವಾದ ಮೇಲೆ ಲಕೋಟೆ ತೆಗೆದೆವು. ರೈಲಿನಲ್ಲೇ ಮಾತು ಜೋಡಿಸಿಟ್ಟುಕೊಂಡಿದ್ದೆವು. ಬಾಬಾಸಾಹೇಬರು 1920ರಲ್ಲಿ ಓದು ಮುಗಿಸಲು ಮತ್ತೆ ಲಂಡನ್ನಿಗೆ ಹೊರಟಾಗ ಗೆಳೆಯ ನವಲ್ ಭಥೇನರಿಂದ 5,000 ರೂಪಾಯಿ ಸಾಲ ಪಡೆದಿದ್ದರು, ನಮಗೆ ನೀನು ಹಾಗೆ, ಅಂತ. ಅವನು ಪೂರ್ತಿ ಕೇಳಿಸಿಕೊಂಡ. ಲಕೋಟೆ ನೋಡಿದ. ಮುಖ ಕಪ್ಪಿಟ್ಟಿತು.

'ಲೆಕ್ಕ ಚುಕ್ತಾ ಮಾಡ್ಬುಟ್ಟು ಓಗಕ್ ಬಂದ್ಯಾ?'

ನಾವು ಉತ್ತರ ಕೊಡಲಿಲ್ಲ. ಯಾಕೆಂದರೆ ಅದು ನಿಜ. ರೈಲು ಹತ್ತುವಾಗ ನಮ್ಮೊಳಗೆ ಇದ್ದದ್ದು ಅದೇ. ಇವನ ಋಣ ಇಳಿಸಿ ಹಗುರಾಗಿ ವಿಮಾನ ಹತ್ತಬೇಕು. ಅಲ್ಲಿ ಕೂತು ಓದುವಾಗ ಈ ರೆಪ್ಪೆಯ ದೂಳು ನೆನಪಿಗೆ ಬರಬಾರದು. ಊರ ಗೌಡರನ್ನು ಬೈದು ಪದ್ಯ ಬರೆಯುವುದು ಸುಲಭ ಗೆಳೆಯರೇ. ನಾಕಕ್ಷರ ಕಲಿತ ಮೇಲೆ ನಮ್ಮೊಳಗೇ ಹುಟ್ಟಿಕೊಳ್ಳುವ ಈ ಸಣ್ಣ ಸಾಹುಕಾರನನ್ನು ನಾವು ಇದುವರೆಗೆ ಯಾವ ಪದ್ಯದಲ್ಲೂ ಬೈದಿರಲಿಲ್ಲ.

ಅವನು ಲಕೋಟೆಯನ್ನು ನಮ್ಮ ಚೀಲಕ್ಕೇ ಹಾಕಿದ. 'ಬೆಚ್ಚಗಿರೋ ಒಂದ್ ಕೋಟು ತಕ್ಕೊ. ಸಾಲ ಅಂಗೇ ಇರ್ಲಿ. ಏನಾರ ಬರ್ದ್ರೆ ಕಳ್ಸು. ಬಾಷಣ ಮಾತ್ರ ಕಳುಸ್ಬ್ಯಾಡ.'

ಸಂಜೆ ಸ್ಟೇಷನ್ನಿನಲ್ಲಿ ನಾವು ಸಾಲಿಗೆ ನಿಲ್ಲುವ ಮೊದಲೇ ಮೈಸೂರಿನ ಟಿಕೆಟ್ಟು ತಂದು ನಮ್ಮ ಜೇಬಿಗೆ ತುರುಕಿದ. 'ಇದ್ನೂ ಬರ್ಕೊ' ಅಂದ. ರೈಲು ಬಿಡೋವರೆಗೂ ನಿಲ್ಲಲಿಲ್ಲ. ಬೆಳಗ್ಗೆ ಆರಕ್ಕೆ ಅವನಿಗೆ ಕ್ವಾರಿ.