ಕಾಲಿನ ಸೆಳೆತವೂ ಸೈಂಧವದ ಪಾಠವೂ

ಶರೀರದಲ್ಲಿ ಎಲ್ಲಕ್ಕಿಂತ ಕೆಳಗಿರುವ ಅವಯವವು ಪಾದವು. ನಮ್ಮ ಆದರದಲ್ಲಿಯೂ ಅದರ ಸ್ಥಾನವು ಕೆಳಗೇ. ಮುಖಕ್ಕೆ ನಿತ್ಯವೂ ಕನ್ನಡಿಯುಂಟು. ಅಂಗಾಲಿಗೆ ಕನ್ನಡಿಯನ್ನು ಹಿಡಿಯುವವರಾರು? ನಾನಂತೂ ಹಿಡಿದವನಲ್ಲ. ಅದರ ಫಲವನ್ನು ಉಂಡವನಾದಕಾರಣ, ವಾಚಕರ ಮನೆಗಳಲ್ಲಿ ಮಧುಮೇಹಿಗಳಿದ್ದರೆ ಅವರಿಗೆ ಉಪಯೋಗವಾದೀತೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿರುವೆನು.

ಯಲ್ಲಾಪುರದಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯ ಮೇಲಿರುವ ಕಿರವತ್ತಿಯು ನನ್ನ ಊರು. ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳಿಗೆ ಸಂಸ್ಕೃತವನ್ನು ಕಲಿಸಿ ನಿವೃತ್ತನಾದವನು ನಾನು. ಮಧುಮೇಹವು ಹನ್ನೊಂದು ವರ್ಷಗಳಿಂದ ನನ್ನ ಸಂಗಡ ಇದೆ. ಎರಡು ವರ್ಷಗಳ ಹಿಂದಿನ ಮಳೆಗಾಲದಲ್ಲಿ ರಾತ್ರಿಯ ಎರಡು ಗಂಟೆಯ ಸುಮಾರಿಗೆ ಮೀನಖಂಡವು ಕಲ್ಲಿನಂತೆ ಗಂಟುಕಟ್ಟಿ, ಕಾಲ್ಬೆರಳುಗಳು ಡೊಂಕಾಗಿ, ನಾನು ಹಾಸಿಗೆಯಲ್ಲಿ ಎದ್ದು ಕುಳಿತು ನರಳುವುದು ವಾಡಿಕೆಯಾಯಿತು. ಹೆದ್ದಾರಿಯ ಲಾರಿಗಳ ಸದ್ದೊಂದೇ ಆ ಹೊತ್ತಿನಲ್ಲಿ ನನಗೆ ಜೊತೆ.

ಆದರೆ ಪಂಡಿತನೆಂಬ ಅಭಿಮಾನವು ನನ್ನನ್ನು ವೈದ್ಯರ ಬಳಿಗೆ ಹೋಗಗೊಡಲಿಲ್ಲ. ಚರಕಸಂಹಿತೆಯು ವಾತದ 80 ವಿಕಾರಗಳನ್ನು ಎಣಿಸುವಲ್ಲಿ ‘ಪಿಂಡಿಕೋದ್ವೇಷ್ಟನ’ ಎಂಬುದೊಂದನ್ನು ಹೇಳಿದೆ. ಪಿಂಡಿಕೆಯೆಂದರೆ ಮೀನಖಂಡ, ಉದ್ವೇಷ್ಟನವೆಂದರೆ ಹುರಿಗೊಳ್ಳುವಿಕೆ. ಹೆಸರು ದೊರೆತೊಡನೆ ರೋಗವೇ ತಿಳಿದುಹೋಯಿತೆಂದು ಭ್ರಮಿಸಿದೆನು. ಎಳ್ಳೆಣ್ಣೆಯನ್ನು ತಿಕ್ಕಿಕೊಂಡೆನು. ಲವಣಾಂಶದ ಕೊರತೆಯಿರಬೇಕೆಂದು ಯಾರೋ ಅಂದುದರಿಂದ ದಿನಕ್ಕೆ ಮೂರು ಬಾಳೆಹಣ್ಣುಗಳನ್ನು ತಿಂದೆನು. ಮೂತ್ರಕ್ಕೆಂದು ಮೇಲಿಂದ ಮೇಲೆ ಏಳಬೇಕಾಗುವುದೆಂದು ಸೂರ್ಯಾಸ್ತದ ಅನಂತರ ನೀರನ್ನೇ ಬಿಟ್ಟೆನು.

ಒಂದು ರಾತ್ರಿ ಸೆಳೆತವು ಬಿಡಲೊಲ್ಲದು. ಸಹಧರ್ಮಿಣಿಯು ಬಚ್ಚಲ ಹಂಡೆಯಿಂದ ಬಿಸಿನೀರನ್ನು ತಂದಿಟ್ಟು, “ತಡೆಯಿರಿ, ತಣ್ಣೀರು ಬೆರೆಸುತ್ತೇನೆ” ಎಂದು ಒಳಗೆ ಹೋದಳು. ನಾನು ತಡೆಯದೆ ಕಾಲಿಟ್ಟೆನು. ನೀರು ಹಿತವಾಗಿಯೇ ಇತ್ತು. ಅವಳು ತಿರುಗಿ ಬಂದು ಕೈಯದ್ದಿದವಳೇ ಚೀರಿ ಹಿಂತೆಗೆದುಕೊಂಡಳು. ಬೆಳಗಾಗುವುದರೊಳಗೆ ಎರಡು ಪಾದಗಳಲ್ಲಿಯೂ ಗುಳ್ಳೆಗಳೆದ್ದಿದ್ದವು. ಮಾಯುವುದಕ್ಕೆ ಮೂರು ತಿಂಗಳು ಬೇಕಾದವು. ಬೆರಳನ್ನು ಕಳೆದುಕೊಳ್ಳದಿದ್ದುದು ನನ್ನ ಪುಣ್ಯವು.

ಹುಬ್ಬಳ್ಳಿಯಲ್ಲಿ ನನ್ನನ್ನು ನೋಡಿದ ವೈದ್ಯರು ತಟ್ಟಿದರೆ ನಾದಗೊಡುವ ಲೋಹದ ಕವೆಯೊಂದನ್ನು ಹೆಬ್ಬೆರಳಿಗೆ ಒತ್ತಿದರು; ನನಗೆ ಕಂಪನವು ತಿಳಿಯಲಿಲ್ಲ. ನೈಲಾನಿನ ಎಳೆಯಿಂದ ಅಂಗಾಲನ್ನು ಮುಟ್ಟಿದರು, ಅದೂ ತಿಳಿಯಲಿಲ್ಲ. ಪಾದದ ಮೇಲ್ಗಡೆಯ ನಾಡಿಯನ್ನು ಪರೀಕ್ಷಿಸಿದರು. ಬಳಿಕ ಕೇಳಿದರು: “ಸೆಳೆತವು ಬರುವುದು ಯಾವಾಗ? ನಡೆಯುವಾಗಲೋ, ಮಲಗಿದಾಗಲೋ? ನಿಂತರೆ ಬಿಡುವುದೋ? ಯಾವ ಯಾವ ಗುಳಿಗೆಗಳನ್ನು ಸೇವಿಸುತ್ತಿರುವಿರಿ?” ಪ್ರಶ್ನೆಯನ್ನು ಓದದೆ ಉತ್ತರವನ್ನು ಬರೆದ ವಿದ್ಯಾರ್ಥಿಯಂತೆ ನಾನು ತಲೆತಗ್ಗಿಸಿದೆನು.

ಆಗ ನಾನೇ ಕಲಿಸುತ್ತಿದ್ದ ಪಾಠವೊಂದು ನೆನಪಿಗೆ ಬಂದಿತು. ಸೈಂಧವವೆಂದರೆ ಉಪ್ಪೂ ಹೌದು, ಕುದುರೆಯೂ ಹೌದು. ಊಟಕ್ಕೆ ಕುಳಿತವನು ಸೈಂಧವವನ್ನು ತಾ ಎಂದರೆ ಉಪ್ಪನ್ನು ತರಬೇಕು; ಪ್ರಯಾಣಕ್ಕೆ ಹೊರಟವನು ಹಾಗೆಂದರೆ ಕುದುರೆಯನ್ನು ತರಬೇಕು. ಅರ್ಥವನ್ನು ನಿರ್ಣಯಿಸುವುದು ಪ್ರಕರಣವು. ಕಾಲಿನ ಸೆಳೆತವೂ ಹೀಗೆಯೇ ಅನೇಕಾರ್ಥವುಳ್ಳ ಶಬ್ದವು.

ರಕ್ತದಲ್ಲಿ ಸಕ್ಕರೆಯು ಏರಿದರೆ ಮೂತ್ರವು ಹೆಚ್ಚಾಗಿ, ನೀರಿನೊಡನೆ ಲವಣಗಳೂ ಹೊರಗೆ ಹೋಗುವವು. ಆಗ ಸ್ನಾಯುಗಳು ಸೆಳೆಯಬಹುದು. ಉರಿ, ಚುಚ್ಚು, ಮರಗಟ್ಟುವಿಕೆಗಳೊಡನೆ ರಾತ್ರಿ ಹೆಚ್ಚಾಗುವ ಬಾಧೆಯಾದರೆ ನರಗಳು ಕೆಟ್ಟಿರುವ ಸಂಶಯಪಡಬೇಕು. ನಡೆಯುವಾಗ ಮೀನಖಂಡವು ಹಿಡಿದುಕೊಂಡು, ನಾಲ್ಕು ನಿಮಿಷ ನಿಂತರೆ ಬಿಡುವುದಾದರೆ ಕಾಲಿನ ರಕ್ತನಾಳಗಳು ಕಿರಿದಾಗಿರಬಹುದು. ಮೂತ್ರಪಿಂಡದ ದೋಷವೂ ಕಾರಣವಾದೀತು. ರಕ್ತದೊತ್ತಡಕ್ಕಾಗಿ ಕೊಡುವ, ಮೂತ್ರವನ್ನು ಹೆಚ್ಚಿಸುವ ಗುಳಿಗೆಗಳೂ, ಕೊಲೆಸ್ಟರಾಲ್ ಇಳಿಸುವ ಕೆಲವು ಗುಳಿಗೆಗಳೂ ಸ್ನಾಯುಗಳನ್ನು ಬಾಧಿಸುವುದುಂಟು. ಮೆಟ್‌ಫಾರ್ಮಿನ್ ಎಂಬ ಗುಳಿಗೆಯನ್ನು ಬಹುಕಾಲ ಸೇವಿಸಿದವರಲ್ಲಿ ಬಿ12 ಜೀವಸತ್ವವು ಕುಂದಿ ಕಾಲುಗಳು ಮರಗಟ್ಟುವುದೂ ಉಂಟು. ಹೀಗೆಂದು ಗುಳಿಗೆಗಳನ್ನು ತಾವಾಗಿಯೇ ನಿಲ್ಲಿಸಬಾರದು; ವೈದ್ಯರಿಗೆ ತಿಳಿಸಬೇಕು. ಒಂದೇ ಕಾಲು ಬಾತು, ಬಿಸಿಯೇರಿ, ನೋಯುತ್ತಿದ್ದರೆ ರಕ್ತವು ಹೆಪ್ಪುಗಟ್ಟಿರಬಹುದು. ಅಲ್ಲಿ ಒಂದು ದಿನವೂ ತಡಮಾಡಬಾರದು. ಬಾಳೆಹಣ್ಣಿನ ಮಾತಾದರೋ, ಅದು ಸಕ್ಕರೆಯನ್ನು ಏರಿಸುವುದಲ್ಲದೆ, ಅದರಲ್ಲಿರುವ ಪೊಟ್ಯಾಸಿಯಂ ಮೂತ್ರಪಿಂಡವು ಕೆಟ್ಟವರಿಗೆ ಅಪಾಯಕರವೂ ಆಗಬಹುದು.

ನನ್ನಲ್ಲಿ ಏರಿದ ಸಕ್ಕರೆಯೂ, ನಾನೇ ಬಿಟ್ಟ ನೀರೂ, ಸೊರಗಿದ ನರಗಳೂ ಕೂಡಿದ್ದವು. ಸಕ್ಕರೆಯು ಹತೋಟಿಗೆ ಬಂದು, ನೀರನ್ನು ಹಗಲೆಲ್ಲ ಹಂಚಿ ಕುಡಿಯತೊಡಗಿದ ಮೇಲೆ ಸೆಳೆತವು ಬಹಳ ಇಳಿಯಿತು. ಈಗ ಬಂದರೂ ಮೊಣಕಾಲನ್ನು ನೀಡಿ, ಕಾಲ್ಬೆರಳುಗಳನ್ನು ಮೆಲ್ಲನೆ ನನ್ನೆಡೆಗೆ ಎಳೆದುಕೊಂಡರೆ ಬಿಡುತ್ತದೆ. ಆದರೆ ಹೋದ ಸ್ಪರ್ಶವು ತಿರುಗಿ ಬರಲಿಲ್ಲ.

ಇದೇ ನನ್ನ ಪಶ್ಚಾತ್ತಾಪವು. ಸೆಳೆತವು ಕೂಗುವ ರೋಗ, ಮರಗಟ್ಟುವಿಕೆಯು ಮೂಕರೋಗ. ಕೂಗಿದ್ದನ್ನು ಕೇಳಿ ಮೂಕವಾದುದನ್ನು ಮರೆತೆನು. ಚರಕನ ಅದೇ ಪಟ್ಟಿಯಲ್ಲಿ ‘ಪಾದಸುಪ್ತತೆ’ಯೆಂಬ ಹೆಸರೂ ಇದೆ; ಕೈಕಾಲುಗಳ ಜೋಮನ್ನೂ ಉರಿಯನ್ನೂ ಪ್ರಮೇಹದ ಮುನ್ಸೂಚನೆಗಳಲ್ಲಿ ಆತನು ಎಣಿಸಿರುವನು. ಓದಿದ್ದೆನು, ಆದರೆ ನನ್ನ ಕಾಲಿಗೆ ಹೊಂದಿಸಿ ನೋಡಿರಲಿಲ್ಲ.

ಈಗ ನಮ್ಮ ಮನೆಯಲ್ಲಿ ಬರಿಗಾಲಿನ ನಡಿಗೆಯಿಲ್ಲ. ಸ್ನಾನದ ನೀರನ್ನು ಮೊದಲು ಸಹಧರ್ಮಿಣಿಯು ಮುಟ್ಟಿ ನೋಡುವಳು. ರಾತ್ರಿ ಮಲಗುವ ಮುನ್ನ ಚಿಕ್ಕದೊಂದು ಕನ್ನಡಿಯನ್ನು ನೆಲದ ಮೇಲಿಟ್ಟು ಅಂಗಾಲನ್ನು ನೋಡಿಕೊಳ್ಳುವೆನು. ಹಾಗೆ ನೋಡಲು ಎರಡು ನಿಮಿಷಗಳು ಸಾಕು.