ಹೊಕ್ಕುಳ ಮೇಲಿನ ಕೈ

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು, ಈಗ ವೈದ್ಯವೃತ್ತಿಯಲ್ಲಿರುವವರು, ಚೀನಾ ದೇಶದ ಸಾಂಪ್ರದಾಯಿಕ ಮರ್ದನ ಚಿಕಿತ್ಸೆಯನ್ನು ಕುರಿತ ಪುಸ್ತಕವೊಂದನ್ನು ಈಚೆಗೆ ತಂದುಕೊಟ್ಟರು. ಚೀನೀಯರು ಇದನ್ನು ‘ತುಯ್‌ನಾ’ ಎನ್ನುತ್ತಾರೆ. ತಳ್ಳುವುದು, ಹಿಡಿಯುವುದು ಎಂದು ಆ ಎರಡಕ್ಷರಗಳ ಅರ್ಥ. ಅದರಲ್ಲಿ ಉದರಮರ್ದನಕ್ಕೆ ವಿಶೇಷ ಸ್ಥಾನವಿದೆ. ಕ್ರಿ.ಶ. 7ನೆಯ ಶತಮಾನದ ಸುನ್ ಸಿಮಿಯಾವೊ ಎಂಬ ವೈದ್ಯನು ಉಂಡ ಮೇಲೆ ಹೊಟ್ಟೆಯನ್ನು ಕೈಯಿಂದ ನೀವಿಕೊಂಡು ನೂರು ಹೆಜ್ಜೆ ನಡೆಯಬೇಕೆಂದು ವಿಧಿಸಿದ್ದಾನೆ. ಹೊಕ್ಕುಳು ಅವರಿಗೆ ಚೇತನದ ಹೆಬ್ಬಾಗಿಲು. ಅಲ್ಲಿ ಸೂಜಿ ಚುಚ್ಚುವುದು ನಿಷಿದ್ಧ. ಇದನ್ನೋದುತ್ತಿರುವಾಗ ನಮ್ಮ ಮನಸ್ಸು ಚೀನಾಕ್ಕೆ ಹೋಗಲಿಲ್ಲ, ಕೌದಳ್ಳಿಗೆ ಹೋಯಿತು.

ಹನೂರಿನಿಂದ ಮಲೆಯ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯಲ್ಲಿರುವ ಊರದು. ಶಿವರಾತ್ರಿ, ಯುಗಾದಿ, ದೀಪಾವಳಿ ಸಮೀಪಿಸಿದವೆಂದರೆ ಕಾಲ್ನಡಿಗೆಯ ಭಕ್ತರು ತಂಡತಂಡವಾಗಿ ಈ ಊರನ್ನು ಹಾಯ್ದು ತಾಳುಬೆಟ್ಟದತ್ತ ನಡೆಯುತ್ತಾರೆ. ಮಠದಲ್ಲಿ ವ್ಯಾಸಂಗ ಮುಗಿಸಿದ ಕೆಲವು ವರ್ಷಗಳ ತರುವಾಯ ನಾವು ಆ ದಾರಿಯಲ್ಲಿ ದಾಸೋಹದ ಹೊಣೆ ಹೊತ್ತಿದ್ದೆವು. ಬಿಸಿಲ ನಡಿಗೆ, ಹೊತ್ತಲ್ಲದ ಹೊತ್ತಿನ ಊಟ, ಕಂಡಲ್ಲಿ ಕುಡಿದ ನೀರು. ಹೊಟ್ಟೆ ಹಿಡಿದು ಕೂರುವವರಿಗೆ ಕೊರತೆಯಿರಲಿಲ್ಲ. ‘ಬಟ್ಟಿ ಬಿದ್ದದ’ ಎನ್ನುತ್ತ ಅವರನ್ನು ಊರಿನ ಒಬ್ಬ ವೃದ್ಧೆಯ ಮನೆಗೆ ಕಳುಹಿಸುವುದು ವಾಡಿಕೆ.

ಆ ತಾಯಿ ಬರಿಹೊಟ್ಟೆಯವರನ್ನು ಮಾತ್ರ ಮುಟ್ಟುತ್ತಿದ್ದರು. ಚಾಪೆಯ ಮೇಲೆ ಅಂಗಾತ ಮಲಗಿಸಿ, ಮೊಣಕಾಲು ಮಡಿಸಿಸಿ, ಹೆಬ್ಬೆರಳನ್ನು ಹೊಕ್ಕುಳಲ್ಲಿಟ್ಟು ಮಿಡಿತ ನೋಡುವರು. ಮಿಡಿತ ನಡುವೆ ಸಿಕ್ಕದೆ ಪಕ್ಕದಲ್ಲಿ ಸಿಕ್ಕಿದರೆ ಬಟ್ಟಿ ಜಾರಿದೆಯೆಂದು ನಿರ್ಣಯ. ಆಮೇಲೆ ಬೆಚ್ಚಗಿನ ಹರಳೆಣ್ಣೆ ಸವರಿ, ಬಲಗಡೆ ಕೆಳಗಿನಿಂದ ಮೇಲಕ್ಕೆ, ಪಕ್ಕೆಲುಬಿನ ಅಡಿಯಲ್ಲಿ ಅಡ್ಡಕ್ಕೆ, ಎಡಗಡೆ ಮೇಲಿನಿಂದ ಕೆಳಕ್ಕೆ, ಪ್ರದಕ್ಷಿಣೆ ಬಂದಂತೆ ನೀವುವರು. ದೊಡ್ಡ ಕರುಳು ಸಾಗುವ ದಾರಿಯೂ ಅದೇ! ಚೀನೀ ಪುಸ್ತಕದ ಚಿತ್ರದಲ್ಲಿ ಬಾಣದ ಗುರುತುಗಳು ಅದೇ ದಿಕ್ಕಿಗಿದ್ದುದನ್ನು ಕಂಡು ನಾವು ಬೆರಗಾದೆವು. ತೀರಿಸಿದ್ದಕ್ಕೆ ಎಲೆ ಅಡಿಕೆಯ ಹೊರತು ಅವರು ಏನನ್ನೂ ಮುಟ್ಟುತ್ತಿರಲಿಲ್ಲ. ವೈದ್ಯವನ್ನೇ ಕಾಯಕ ಮಾಡಿಕೊಂಡ ಶರಣ ವೈದ್ಯ ಸಂಗಣ್ಣನವರ ಹೆಸರನ್ನು ಆಕೆ ಕೇಳಿದ್ದಿರಲಾರದು.

ನಾವಾದರೋ ಆಗ ಸಂಸ್ಕೃತ ಗ್ರಂಥಗಳ ಮದದಲ್ಲಿದ್ದೆವು. ಗಾಲಿಯ ಗುಂಬದ ಸುತ್ತ ಅರೆಕಾಲುಗಳಿರುವಂತೆ ನಾಭಿಯ ಸುತ್ತ ಸಿರೆಗಳಿವೆಯೆಂದು ಸುಶ್ರುತನು ಹೇಳಿರುವುದು ನಮಗೆ ಕಂಠಸ್ಥವಾಗಿತ್ತು. ಹೊಕ್ಕುಳೆಂಬುದು ಬರಿಯ ಗಾಯದ ಕಲೆ, ಅದು ಜಾರುವುದಿಲ್ಲ, ಅಲ್ಲಿ ಬೆರಳಿಗೆ ಸಿಕ್ಕುವುದು ಹೃದಯದಿಂದ ಇಳಿದುಬರುವ ಮಹಾಧಮನಿಯ ಮಿಡಿತ ಎಂಬುದನ್ನು ಆಮೇಲೆ ತಿಳಿದೆವು. ಕಾರಣ ಬೇರೆಯಾದರೂ ನೀವುವುದರಿಂದ ವಾಯು ಸರಿದು ಮಲಬದ್ಧತೆ ಸಡಿಲುವುದು ಸುಳ್ಳಲ್ಲ. ಇಂದಿನ ಆಸ್ಪತ್ರೆಗಳಲ್ಲಿಯೂ ಇದನ್ನು ಪರೀಕ್ಷಿಸಿ ನೋಡಿದ್ದಾರೆ.

ಒಂದು ಶಿವರಾತ್ರಿಗೆ ಎರಡು ದಿನ ಮುಂಚೆ, ಕನಕಪುರದ ಕಡೆಯಿಂದ ಕಾವೇರಿ ದಾಟಿ ಬಂದ ತಂಡದಲ್ಲಿ ಹದಿಮೂರು ವರ್ಷದ ಹುಡುಗನೊಬ್ಬ ಹೊಕ್ಕುಳ ಸುತ್ತ ನೋವೆಂದು ಮುದುರಿ ಮಲಗಿದ. ಎರಡು ಬಾರಿ ವಾಂತಿಯಾಗಿತ್ತು. ಆ ತಾಯಿ ನೆರೆಯ ಹಳ್ಳಿಗೆ ಹೋಗಿದ್ದರು. ಹರಳೆಣ್ಣೆಯ ಮಹಿಮೆಯನ್ನು ಗ್ರಂಥದಲ್ಲಿ ಓದಿದ್ದ ನಾವು, ಯಾರನ್ನೂ ಕೇಳದೆ, ಎರಡು ಚಮಚ ಕುಡಿಸಿಬಿಟ್ಟೆವು.

ಸಂಜೆಗೆ ಮೈ ಸುಡುತ್ತಿತ್ತು. ನೋವು ಬಲಗಡೆ ಕೆಳಕ್ಕೆ ಇಳಿದಿತ್ತು. ಹುಡುಗ ಬಲಗಾಲನ್ನು ಚಾಚಲೊಲ್ಲ. ಅಷ್ಟರಲ್ಲಿ ತಾಯಿ ಬಂದರು. ಎಣ್ಣೆಯ ಬಟ್ಟಲನ್ನು ಪಕ್ಕಕ್ಕಿಟ್ಟು, ಒಣಗೈಯಿಂದ ಅಲ್ಲಿ ಮೆಲ್ಲಗೆ ಒತ್ತಿ ತಟ್ಟನೆ ಕೈ ತೆಗೆದರು. ಒತ್ತಿದಾಗ ನರಳಿದ್ದವನು ಕೈ ತೆಗೆದಾಗ ಚೀರಿದ.

“ಇದು ಬಟ್ಟಿ ಅಲ್ಲ ಬುದ್ಧಿ. ಇದ್ಕ ಕೈ ಹಾಕ್ಬಾರ್ದು. ಈಗ್ಲೇ ಕೊಳ್ಳೇಗಾಲ್ಕ ಕರ್ಕ ಹೋಗಿ” ಎಂದರು.

“ಒಂದಿಷ್ಟು ನೀವಿ ನೋಡಬಾರದೆ ಅವ್ವ?” ಎಂದು ನಾವು ಆಗಲೂ ಕೇಳಿದೆವು. ಅವರು ಉತ್ತರ ಕೊಡದೆ ಹುಡುಗನ ತಂದೆಯನ್ನು ಜೀಪು ಹುಡುಕಲು ಅಟ್ಟಿದರು.

ಆ ರಾತ್ರಿಯೇ ಶಸ್ತ್ರಚಿಕಿತ್ಸೆಯಾಯಿತು. ಅಪೆಂಡಿಕ್ಸ್ ಒಡೆದುಹೋಗಿತ್ತು. ಉರಿಯೂತವೆದ್ದ ಅಪೆಂಡಿಕ್ಸ್ ಇರುವಾಗ ಭೇದಿಗೆ ಕೊಟ್ಟರೆ ಕರುಳು ಬಲವಾಗಿ ಹಿಂಡಿ ಅದು ಒಡೆಯುವ ಅಪಾಯವುಂಟು. “ಎಣ್ಣೆ ಕುಡಿಸಿದವರು ಯಾರು?” ಎಂದು ವೈದ್ಯರು ಕೇಳಿದರು. “ನಾವೇ” ಎಂದೆವು. ತಂದೆ ಪಕ್ಕದಲ್ಲಿಯೇ ನಿಂತಿದ್ದರು. ಅವರು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಹುಡುಗ 17 ದಿನ ಆಸ್ಪತ್ರೆಯಲ್ಲಿದ್ದು ಬದುಕಿಕೊಂಡ.

ಇಂದು ಪಟ್ಟಣಗಳಲ್ಲಿ ಹೊಕ್ಕುಳು ಕೂರಿಸುತ್ತೇವೆಂದು ಹಲಗೆ ತೂಗುಹಾಕಿದವರನ್ನು ಕಾಣುತ್ತೇವೆ. ಆದ್ದರಿಂದ ಮನೆಯ ತಾಯಂದಿರಿಗೆ ಇಷ್ಟನ್ನು ಅರಿಕೆ ಮಾಡಬೇಕಾಗಿದೆ. ಜ್ವರವಿರುವ ಹೊಟ್ಟೆನೋವು, ಹಲಗೆಯಂತೆ ಬಿಗಿದ ಹೊಟ್ಟೆ, ನಿಲ್ಲದ ವಾಂತಿ, ಮಲ ವಾಯು ಎರಡೂ ಕಟ್ಟಿದ ಸ್ಥಿತಿ, ಇವುಗಳಲ್ಲಿ ನೀವಬಾರದು, ಭೇದಿಗೆ ಕೊಡಬಾರದು. ಗರ್ಭಿಣಿಯ ಹೊಟ್ಟೆಯನ್ನೂ ಅಂಡವಾಯುವಿನ ಉಬ್ಬನ್ನೂ ಒತ್ತಬಾರದು. ವಯಸ್ಸಾದವರ ಹೊಕ್ಕುಳ ಮೇಲೆ ಗಡ್ಡೆಯಂತಹುದು ಮಿಡಿಯುತ್ತಿದ್ದರೆ ಅದು ಉಬ್ಬಿದ ಮಹಾಧಮನಿಯಿರಬಹುದು. ಅದನ್ನು ಒತ್ತುವುದು ಪ್ರಾಣಕ್ಕೆ ಎರವು.

ಹುಡುಗನನ್ನು ಊರಿಗೆ ಕಳುಹಿಸಿದ ಮೇಲೆ ನಾವು ಆ ತಾಯಿಯ ಮನೆಗೆ ಹೋದೆವು. ನಿಮಗೆ ಹೇಗೆ ತಿಳಿಯಿತು ಎಂದು ಕೇಳಿದೆವು.

“ಬಟ್ಟಿ ಆದ್ರ ಒತ್ತುದ್ರ ಹಾಯಾಯ್ತದ ಬುದ್ಧಿ. ಇದು ಕೈ ತಗದ್ರ ಕೂಗ್ತು” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊದ್ಲು ಒಂದಪ ತಿಳೀದೆ ತಿಕ್ಬುಟ್ಟಿದ್ದಿ. ಆ ಮಗ ಉಳೀನಿಲ್ಲ” ಎಂದರು.

ನಾವು ಮುಂದೆ ಕೇಳಲಿಲ್ಲ. ಯಾರೋ ಹಸುಗೂಸನ್ನು ಎತ್ತಿಕೊಂಡು ಬಂದು ಬಾಗಿಲಲ್ಲಿ ಕರೆದರು. ಅವರು ಮಗುವಿನ ಹೊಟ್ಟೆಯನ್ನು ಮೊದಲು ಒಣಗೈಯಿಂದ ಮುಟ್ಟಿ ನೋಡಿ, ಆಮೇಲೆ ಎಣ್ಣೆಯ ಬಟ್ಟಲನ್ನು ಹತ್ತಿರಕ್ಕೆಳೆದುಕೊಂಡರು.